ನನಗಾಗಿ ದನಿ ತಗ್ಗಿಸಿದವರಿಗೆ

ಕಳೆದ ಶನಿವಾರ ಸಂಜೆ ಮಡಿಕೇರಿಯಲ್ಲಿ ನನ್ನ ಏಕವ್ಯಕ್ತಿ ನಾಟಕ ನಡೆಯಿತು. 55 ನಿಮಿಷ. ಕೊನೆಯ ಮಾತಿನವರೆಗೂ ದನಿ ಕೈಕೊಡಲಿಲ್ಲ. ನಾಟಕ ಮುಗಿದು ದೀಪ ಹತ್ತಿದಾಗ ನಿಮ್ಮ ಮುಖಗಳನ್ನೆಲ್ಲ ನೋಡಿದೆ. ಆದರೆ ಥ್ಯಾಂಕ್ಸ್ ಹೇಳುವುದಕ್ಕೆ ಆಗಲಿಲ್ಲ. ಅಷ್ಟು ಹೊತ್ತು ಆಡಿದ ಮೇಲೆ ಎರಡು ಗಂಟೆ ಮಾತಾಡಬಾರದು ಅಂತ ನನಗೆ ಕಟ್ಟಳೆ ಇತ್ತು. ಅದಕ್ಕೇ ಕೈ ಮುಗಿದು ಒಳಗೆ ಹೋದೆ. ಅವತ್ತು ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುತ್ತಿಲ್ಲ. ಹಾಕಿದರೆ ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ. ಓದಿದಾಗ ಇದು ತಮಗೇ ಅಂತ ಅವರವರಿಗೆ ಗೊತ್ತಾಗುತ್ತದೆ.

ನಾನು ಸೋಮವಾರಪೇಟೆ ಕಡೆಯವಳು. ಮಡಿಕೇರಿಗೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ 14 ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ನಮ್ಮ ಶಾಲೆಯ ಎರಡು ಕೊಠಡಿಗಳಿಗೆ ಶೀಟಿನ ಮಾಡು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈ, ಆಗಸ್ಟ್ ತಿಂಗಳಲ್ಲೇ. ಶೀಟಿನ ಮೇಲೆ ಜುಲೈ ಮಳೆ ಬೀಳುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಆ ಸದ್ದಿನ ಮೇಲೆ ನಾನು ಪಾಠ ಮಾಡುತ್ತಿದ್ದೆ. ದಿನಕ್ಕೆ ಐದು ಪೀರಿಯಡ್. ಸಂಜೆ ನಾಟಕದ ತಾಲೀಮು. ಅದು ಮುಗಿದು ಮನೆಗೆ ಬಂದರೆ ಮಗಳಿಗೆ ಪಾಠ.

ಕಳೆದ ಜುಲೈಯಲ್ಲಿ ದನಿ ಒಡೆಯಿತು. ನೆಗಡಿ ಇರಬೇಕು ಅಂದುಕೊಂಡೆ. ಶುಂಠಿ, ಕಾಳುಮೆಣಸು, ಜೇನು ಎಲ್ಲಾ ಆಯಿತು. ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಕೇಳಿ ಒಂದೇ ಮಾತ್ರೆಯನ್ನು ಮೂರು ಸಲ ತಗೊಂಡೆ. ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ಏಳು ವಾರ ಹಾಗೇ ಕಳೆಯಿತು. ಇದನ್ನು ಓದುತ್ತಿರುವ ಟೀಚರ್‌ಗಳೇ, ಹಾಡುವವರೇ, ದಯವಿಟ್ಟು ಕೇಳಿ. ದನಿ ಒಡೆದು ಮೂರು ವಾರ ದಾಟಿದರೆ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ. ಕಾಯಬೇಡಿ.

ಸೆಪ್ಟೆಂಬರ್ ಮೊದಲ ವಾರ, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲಿನ ಸೋಮವಾರ, ಎಂಟನೇ ಕ್ಲಾಸಿನಲ್ಲಿ ಪದ್ಯ ಓದುತ್ತಿದ್ದೆ. ಎರಡನೇ ಸಾಲಿನಲ್ಲಿ ದನಿ ನಿಂತೇ ಹೋಯಿತು. ಬಾಯಿ ಆಡುತ್ತಿದೆ, ಗಾಳಿ ಬರುತ್ತಿದೆ, ಮಾತಿಲ್ಲ. ಮೊದಲ ಬೆಂಚಿನ ಹುಡುಗಿ ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತಗೊಂಡು ಮುಂದಿನ ಸಾಲಿನಿಂದ ತಾನೇ ಓದಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಪದ್ಯ ಪೂರ್ತಿ ಓದಿ ಮುಗಿಸಿ ಪುಸ್ತಕ ನನ್ನ ಕೈಗೆ ಕೊಟ್ಟು ಹೋಗಿ ಕೂತಳು. ಮೊದಲ ಕೃತಜ್ಞತೆ ಅವಳಿಗೆ.

ಆ ವಾರವೇ ಮೈಸೂರಿಗೆ ಹೋದೆವು, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಹೋಗುವ ಆ ಮೂರು ಗಂಟೆಯ ಬಸ್ಸಿನ ದಾರಿ ಆಮೇಲೆ ನನಗೆ ಬಾಯಿಪಾಠವಾಯಿತು. ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ನನ್ನ ದನಿಯನ್ನು ನಾನು ಕಣ್ಣಿನಲ್ಲಿ ನೋಡಿದ್ದು ಅದೇ ಮೊದಲು. ಎರಡು ಬಿಳಿ ಪಟ್ಟಿಗಳು. ಎರಡರ ಮೇಲೂ ಎದುರುಬದುರಾಗಿ ಒಂದೊಂದು ಗಂಟು, ಸುತ್ತ ಊತ.

ಅಲ್ಲಿನ ಥೆರಪಿಸ್ಟ್ ಚಿಕ್ಕ ವಯಸ್ಸಿನವರು. ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸು ಇರಬಹುದು. ಕಾಗದದ ಮೇಲೆ ಚಿತ್ರ ಬರೆದು ಬಿಡಿಸಿ ಹೇಳಿದರು. ಹೆಂಗಸರು ಮಾತಾಡುವಾಗ ಈ ಪಟ್ಟಿಗಳು, ಅಂದರೆ ಧ್ವನಿ ತಂತುಗಳು, ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಕೂಗಿದರೆ ಇನ್ನೂ ಜೋರಾಗಿ ಬಡಿಯುತ್ತವೆ. ಜಾಸ್ತಿ ಪೆಟ್ಟು ಬೀಳುವ ಜಾಗ ದಪ್ಪವಾಗುತ್ತದೆ. ಗುದ್ದಲಿ ಹಿಡಿದವರ ಅಂಗೈ ಜಡ್ಡುಗಟ್ಟುತ್ತದಲ್ಲ, ಹಾಗೇ. ಆಪರೇಷನ್ ಬೇಡ, ಮಾತಾಡುವ ರೀತಿಯನ್ನೇ ಬದಲಾಯಿಸೋಣ ಅಂದರು. ಮೊದಲ ಒಂದು ವಾರ ಪೂರ್ತಿ ಮೌನ. ಆಮೇಲೆ ಅಳೆದು ಅಳೆದು ಮಾತು. ಪಿಸುಮಾತೂ ಬೇಡ, ಅದರಿಂದಲೂ ತಂತುಗಳಿಗೆ ಆಯಾಸ. ಕೆಮ್ಮಿ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುವುದೂ ಬೇಡ. ನನಗೆ ಹೊಟ್ಟೆಯ ಹುಳಿ ಗಂಟಲಿಗೆ ಬರುವ ತೊಂದರೆ ಇದ್ದದ್ದರಿಂದ ಖಾರ, ಹುಳಿ, ರಾತ್ರಿ ತಡವಾದ ಊಟ, ಕಾಫಿ ಎಲ್ಲಾ ಕಡಿಮೆ ಮಾಡಬೇಕಾಯಿತು.

ಕಾಫಿ ಬೇಡ ಅಂತ ಕೊಡಗಿನವರಿಗೆ ಹೇಳಿದರೆ ಏನರ್ಥ ಅಂತ ನಿಮಗೆ ಗೊತ್ತಲ್ವಾ. ನಮ್ಮಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದೇ ಅದು. ಬೆಲ್ಲದ ಕಾಫಿ. ನಮ್ಮ ಕಡೆಯ ಗಟ್ಟಿ ಹುಳಿ ಕಾಚಂಪುಳಿಯೂ ಬೇಡ ಅಂದರೆ ಅದನ್ನು ಹಾಕಿ ಮಾಡುವ ಹಂದಿ ಸಾರು, ಪಂದಿಕರಿಯೂ ಹೋಯಿತು. ಕಾಳುಮೆಣಸು ಹುರಿದು ಪುಡಿ ಮಾಡಿ ಹಾಕಿದ ಸಾರು ಹೋಯಿತು. ಮಳೆಗಾಲದಲ್ಲಿ ಮೈ ಬೆಚ್ಚಗೆ ಮಾಡುತ್ತಿದ್ದದ್ದೆಲ್ಲ ಒಂದೇ ದಿನ ತಟ್ಟೆಯಿಂದ ಆಚೆ ಹೋಯಿತು.

ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ನಾಟಕ ನಿಂತದ್ದಕ್ಕೆ. ಎರಡು ವರ್ಷ ಓದಿ, ಬರೆದು, ಹರಿದು, ಮತ್ತೆ ಬರೆದ ನಾಟಕ. ಕೊಡಗಿನ ಗೌರಮ್ಮನ ಬದುಕನ್ನು ಇಟ್ಟುಕೊಂಡು ಬರೆದದ್ದು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕು ಅಂತ ಹಟ ಹಿಡಿದು ಉಪವಾಸ ಕೂತವರು. ಅವರು ಬಂದಾಗ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟವರು. ಹೆಂಗಸರ ಒಳಗಿನ ಸಂಕಟವನ್ನು ಸಣ್ಣಕತೆಗಳಲ್ಲಿ ಅಷ್ಟು ನೇರವಾಗಿ ಬರೆದವರು. 27ನೇ ವಯಸ್ಸಿಗೆ ಹೊಳೆಯಲ್ಲಿ ಈಜುವಾಗ ಮುಳುಗಿ ಹೋದರು. ನಾನು ಚಿಕ್ಕವಳಿದ್ದಾಗ ನಮ್ಮಮ್ಮ ಅವರ ಕತೆಗಳನ್ನು ಓದಿ ಹೇಳುತ್ತಿದ್ದರು. ಆ ಋಣ ತೀರಿಸಬೇಕು ಅಂತ ಬರೆದ ನಾಟಕ ಅಕ್ಟೋಬರಿನಲ್ಲಿ ಆಗಬೇಕಿತ್ತು. ಹಾಲ್ ಬುಕ್ ಆಗಿತ್ತು, ಪೋಸ್ಟರ್ ಅಂಟಿಸಿಯಾಗಿತ್ತು.

ಪ್ರದರ್ಶನಕ್ಕೆ ಹಣ ಕೊಡಲು ಒಪ್ಪಿದ್ದವರೊಬ್ಬರು ಬೇರೆಯವರ ಕೈಲಿ ಮಾಡಿಸಿ ಅಂದರು. ತಪ್ಪಲ್ಲ, ಅವರ ಲೆಕ್ಕ ಅವರಿಗೆ. ಆದರೆ ನಮ್ಮ ನಿರ್ದೇಶಕರು, ನಾವೆಲ್ಲ ಮೇಷ್ಟ್ರು ಅನ್ನುವವರು, ಮುಂಗಡ ಹಣವನ್ನು ತಮ್ಮ ಕೈಯಿಂದ ವಾಪಸ್ ಕೊಟ್ಟರು. ಈ ವಿಷಯ ನನಗೆ ಗೊತ್ತಾದದ್ದು ಜನವರಿಯಲ್ಲಿ, ಅದೂ ಬೇರೆಯವರ ಬಾಯಲ್ಲಿ. ಅವತ್ತು ಅವರು ನನಗೆ ಕಳಿಸಿದ್ದು ಒಂದೇ ಸಾಲಿನ ಮೆಸೇಜು: "ನಾಟಕ ಓಡಿ ಹೋಗಲ್ಲ ಕಣಮ್ಮ, ನೀನು ಮೊದಲು ನಿದ್ದೆ ಮಾಡು." ಮೇಷ್ಟ್ರೇ, ಅದನ್ನು ನಾನು ಎಷ್ಟು ಸಲ ಓದಿದ್ದೇನೆ ಅಂತ ನಿಮಗೆ ಗೊತ್ತಿಲ್ಲ.

ಶಾಲೆಯ ಮಕ್ಕಳ ವಿಷಯ ಬರೆಯದೆ ಮುಂದೆ ಹೋಗಲಾರೆ. ಹದಿನೈದು ದಿನ ರಜೆ ಮುಗಿಸಿ ಹೋದಾಗ ಅವರೇ ಒಂದು ಪದ್ಧತಿ ಮಾಡಿಟ್ಟಿದ್ದರು. ನಾನು ಮೇಜಿನ ಮೇಲೆ ಡಸ್ಟರ್ ಎರಡು ಸಲ ತಟ್ಟಿದರೆ ಪುಸ್ತಕ ತೆಗೆಯುವುದು. ಕೈ ಎತ್ತಿದರೆ ಎಲ್ಲರೂ ಸುಮ್ಮನಾಗುವುದು. ಮಳೆ ಜೋರಾದರೆ ಪಾಠ ನಿಲ್ಲಿಸಿ ಎಲ್ಲರೂ ಮನಸ್ಸಿನಲ್ಲೇ ಓದಿಕೊಳ್ಳುವುದು. 42 ಮಕ್ಕಳು ಮಳೆಯ ಕೆಳಗೆ ಸದ್ದಿಲ್ಲದೆ ಓದುವುದನ್ನು ನೋಡುತ್ತಾ ಕೂತಿದ್ದೆ. 14 ವರ್ಷ ಆ ಮಳೆಯ ಜೊತೆ ಜಗಳ ಆಡಿದ್ದೆನಲ್ಲ ಅನ್ನಿಸಿತು. ನಮ್ಮ ಹೆಡ್‌ಮಾಸ್ಟರ್ ಸರ್ ನನ್ನ ಕ್ಲಾಸುಗಳನ್ನು ಶೀಟಿನ ಕೊಠಡಿಯಿಂದ ಹೆಂಚಿನ ಕೊಠಡಿಗೆ ಹಾಕಿಕೊಟ್ಟರು. ಪೋಷಕರು ಸೇರಿ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ತಂದುಕೊಟ್ಟರು. ಅವರಲ್ಲಿ ಜಾಸ್ತಿ ಜನ ತೋಟದ ಕೆಲಸಕ್ಕೆ ಹೋಗುವವರು. ಮೈಕಿನ ಬೆಲೆ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಹೊರಗೆ ಊಟಕ್ಕೆ ಹೋಗುವುದು ನಮ್ಮ ಮನೆಯ ಸಣ್ಣ ಸಂತೋಷ. ತಿಂಗಳಿಗೆ ಎರಡು ಭಾನುವಾರ. ಆ ದಿನಗಳಲ್ಲಿ ಅದೇ ದೊಡ್ಡ ಕಷ್ಟವಾಯಿತು. ಮಗಳ ಹುಟ್ಟುಹಬ್ಬಕ್ಕೆ ಹೊಸದಾಗಿ ಶುರುವಾದ ಒಂದು ಹೋಟೆಲಿಗೆ ಹೋದೆವು. ಜೋರು ಹಾಡು ಹಾಕಿದ್ದರು. ಸ್ವಲ್ಪ ಕಡಿಮೆ ಮಾಡಿ ಅಂತ ಚೀಟಿ ಬರೆದು ಕೊಟ್ಟೆ. ಹೋಟೆಲಿನವರು ಚೀಟಿಯನ್ನು ಓದಿ, ನನ್ನನ್ನು ಒಮ್ಮೆ ನೋಡಿ, ಆಮೇಲೆ ನನ್ನ ಗಂಡನ ಕಡೆ ತಿರುಗಿ "ಮೇಡಂಗೆ ಏನು ಬೇಕಂತೆ?" ಅಂತ ಕೇಳಿದರು. ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಹಾಡು ಕಡಿಮೆ ಆಗಲಿಲ್ಲ. ಮಗಳು ಕೇಕನ್ನು ಅರ್ಧಕ್ಕೆ ಬಿಟ್ಟಳು. ಕಾರಿನಲ್ಲಿ ಅತ್ತಳು, ನಾನೂ ಅತ್ತೆ. ದನಿ ಇಲ್ಲದೆ ಅಳುವುದು ಇನ್ನೂ ಕಷ್ಟ. ಹುಟ್ಟಿನಿಂದಲೇ ಮಾತಿಲ್ಲದವರು ಇದನ್ನು ದಿನಾ ಅನುಭವಿಸುತ್ತಾರಲ್ಲ ಅಂತ ಆ ರಾತ್ರಿ ಪೂರ್ತಿ ನಿದ್ದೆ ಬರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಅಕ್ಕ ಒಬ್ಬರು ನಡೆಸುವ ಸಣ್ಣ ಮೆಸ್ ಇದೆ. ನಾಲ್ಕು ಮೇಜು. ಮೈಸೂರಿನ ಬಸ್ಸಿಗೆ ಮುಂಚೆ ಅಲ್ಲಿ ತಿಂಡಿ ತಿನ್ನುತ್ತಿದ್ದೆ. ಬಡಿಸುವ ಹುಡುಗ ಅಸ್ಸಾಮಿನವನು. ಕನ್ನಡ ಸ್ವಲ್ಪ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಮೊದಲ ದಿನ ನಾನು ಬರೆದ ಚೀಟಿ ಹಿಡಿದು ಅವನು ಸುಮ್ಮನೆ ನಿಂತ. ಸರಿ, ಚಿತ್ರ ಬರೆದು ಕೊಟ್ಟೆ. ಉಂಡೆ ಉಂಡೆಯಾಗಿ ಕಡಂಬುಟ್ಟು. ಎಳೆ ಎಳೆಯಾಗಿ ನೂಲ್‌ಪುಟ್ಟು, ಪಕ್ಕದಲ್ಲಿ ಒಂದು ತೆಂಗಿನಕಾಯಿ. ಹಬೆ ಬರುವ ಲೋಟ, ಅಂದರೆ ಬಿಸಿನೀರು. ಮೆಣಸಿನಕಾಯಿಯ ಮೇಲೆ ಅಡ್ಡಗೆರೆ. ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಎರಡನೇ ಸಲ ಹೋದಾಗ ಚೀಟಿಗೆ ಮುಂಚೆಯೇ ನೂಲ್‌ಪುಟ್ಟು, ಕಾಯಿಹಾಲು, ಬಿಸಿನೀರು ಬಂತು. ಟಿವಿಯ ಸದ್ದನ್ನು ಅಕ್ಕನೇ ಎದ್ದು ಹೋಗಿ ಇಳಿಸಿದರು. ಯಾರಾದರೂ ಜೋರಾಗಿ ಮಾತಾಡಿದರೆ "ಸ್ವಲ್ಪ ಮೆಲ್ಲಗೆ ಮಾರಾಯ್ರೆ, ನಮ್ಮ ಟೀಚರ್ ಇದ್ದಾರೆ" ಅನ್ನುತ್ತಿದ್ದರು. ನನಗಾಗಿ ಖಾರವಿಲ್ಲದ, ಹುಳಿಯಿಲ್ಲದ ಒಂದು ತರಕಾರಿ ಸಾರು ಬೇರೆಯೇ ಪಾತ್ರೆಯಲ್ಲಿ ಕುದಿಯುತ್ತಿತ್ತು. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ನನ್ನ ಚಿತ್ರದ ಚೀಟಿಗಳನ್ನೆಲ್ಲ ಆ ಹುಡುಗ ಗಲ್ಲಾಪೆಟ್ಟಿಗೆಯ ಹಿಂದೆ ಮೊಳೆಗೆ ಚುಚ್ಚಿಟ್ಟಿದ್ದಾನೆ. ಈಗಲೂ ಇವೆ.

ದಸರಾ ಬಂತು. ಮಡಿಕೇರಿಯವರಿಗೆ ವಿಜಯದಶಮಿಯ ರಾತ್ರಿ ಅಂದರೆ ಹತ್ತು ದೇವಸ್ಥಾನಗಳಿಂದ ಚಲಿಸುವ ಮೂರ್ತಿಗಳ ಹತ್ತು ಮಂಟಪಗಳ ಮೆರವಣಿಗೆ, ಬೆಳಗಿನ ಜಾವದವರೆಗೆ. ನಾನು ಚಿಕ್ಕಂದಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಗದ್ದಲದಲ್ಲಿ ಮಾತಾಡುವ ಆಸೆಯಾಗುತ್ತದೆ ಅಂತ ಈ ಸಲ ಹೋಗುವುದು ಬೇಡ ಅಂದುಕೊಂಡಿದ್ದೆ. ಪಕ್ಕದ ಮನೆಯ ಆಂಟಿ ಬಿಡಲಿಲ್ಲ. ಕಿವಿಗೆ ಹತ್ತಿ ಇಟ್ಟು, ತಲೆಗೆ ಶಾಲು ಸುತ್ತಿ, ಕೈ ಹಿಡಿದು ಕರೆದುಕೊಂಡು ಹೋದರು. ಮಂಜು ಇಳಿಯುತ್ತಿತ್ತು. ಮಧ್ಯರಾತ್ರಿ ದಾಟಿದ ಮೇಲೆ ಒಂದು ಮಂಟಪ ನಮ್ಮ ಮುಂದೆ ಬಂದು ನಿಂತಿತು. ರಾಕ್ಷಸ, ದೇವಿ, ಬೆಂಕಿ, ಹೊಗೆ, ಡೈಲಾಗು. ಇದ್ದಕ್ಕಿದ್ದ ಹಾಗೆ ಧ್ವನಿವರ್ಧಕ ಕೆಟ್ಟಿತು. ಮೂರ್ತಿಗಳು ಮಾತ್ರ ಚಲಿಸುತ್ತಲೇ ಇದ್ದವು. ದೇವಿ ಸದ್ದಿಲ್ಲದೆ ಕೈ ಎತ್ತಿದಳು, ರಾಕ್ಷಸ ಸದ್ದಿಲ್ಲದೆ ಬಿದ್ದ. ಸಾವಿರಾರು ಜನ ಒಂದು ನಿಮಿಷ ಉಸಿರು ಬಿಗಿಹಿಡಿದು ನೋಡಿದರು. ಅಷ್ಟು ವರ್ಷದಲ್ಲಿ ನಾನು ಮಂಟಪವನ್ನು ನಿಜವಾಗಿ ನೋಡಿದ್ದು ಆ ಒಂದು ನಿಮಿಷ. ಆಮೇಲೆ ಧ್ವನಿ ಮತ್ತೆ ಬಂತು, ಸಿಳ್ಳೆ, ಕೂಗು ಎಲ್ಲಾ ಬಂತು. ನಾನು ಮಾತ್ರ ಅಲ್ಲೇ ನಿಂತಿದ್ದೆ.

ಮಾರನೆಯ ದಿನ ನಾಟಕದ ಹಸ್ತಪ್ರತಿ ತೆಗೆದೆ. ಗೌರಮ್ಮ ಹೊಳೆಗೆ ಇಳಿಯುವ ಕೊನೆಯ ದೃಶ್ಯಕ್ಕೆ ನಾನು ನಾಲ್ಕು ಪುಟದ ಮಾತು ಬರೆದಿದ್ದೆ. ಬದುಕು, ಸಾವು, ನೀರು ಅಂತೆಲ್ಲ. ನನಗೆ ಬಹಳ ಇಷ್ಟವಾಗಿದ್ದ ಪುಟಗಳು ಅವು. ಎಲ್ಲಾ ಹೊಡೆದುಹಾಕಿದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸುವುದು, ಕೈಯಲ್ಲಿದ್ದ ಪೆನ್ನನ್ನು ಪುಸ್ತಕದ ನಡುವೆ ಇಡುವುದು, ಪುಸ್ತಕ ಮುಚ್ಚುವುದು, ನೀರಿಗೆ ಕಾಲಿಡುವುದು. ಇಷ್ಟೇ. ಆರು ನಿಮಿಷ, ಒಂದೂ ಮಾತಿಲ್ಲ. ಮೇಷ್ಟ್ರು ಓದಿ ಏನೂ ಹೇಳಲಿಲ್ಲ. ಅರ್ಧ ಗಂಟೆ ಬಿಟ್ಟು "ಇದೇ ಇರಲಿ" ಅಂದರು.

ಹೊಸ ಭತ್ತದ ಕೊಯ್ಲಿನ ಹಬ್ಬ ಪುತ್ತರಿಗೆ ಆಂಟಿಯ ಕುಟುಂಬದ ಮೂಲಮನೆಗೆ, ಅಂದರೆ ಐನ್‌ಮನೆಗೆ ನಮ್ಮನ್ನೂ ಕರೆದಿದ್ದರು. ಹುಣ್ಣಿಮೆ. ಗದ್ದೆಗೆ ಹೋಗಿ ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ, ಎಲ್ಲರೂ ಸೇರಿ "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾರೆ. ಬೆಳೆ ಹೆಚ್ಚಲಿ, ಮನೆ ಹೆಚ್ಚಲಿ ಅಂತ. ಆ ಹೊತ್ತಿಗೆ ನನಗೆ ಸ್ವಲ್ಪ ಮಾತು ಬಂದಿತ್ತು, ಕೂಗುವ ಹಾಗಿರಲಿಲ್ಲ. ಆಂಟಿ ನನ್ನ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡು "ನಿನ್ನದನ್ನೂ ನಾನೇ ಕೂಗ್ತೇನೆ, ನೀನು ಸುಮ್ನಿರು" ಅಂದರು. ನಿಜವಾಗಿಯೂ ಎರಡೆರಡು ಸಲ ಕೂಗಿದರು. 68 ವರ್ಷದ ಹೆಂಗಸು, ಆ ಚಳಿಯಲ್ಲಿ. ಆಂಟಿ, ನಿಮಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತೀರಿ. ಆದರೂ ಬರೆದಿದ್ದೇನೆ.

ಥೆರಪಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಲೋಟದ ನೀರಿಗೆ ಸ್ಟ್ರಾ ಇಟ್ಟು ಗುಳ್ಳೆ ಬರುವ ಹಾಗೆ ದನಿ ಬಿಡಬೇಕು. ಬಾಯಿ ಮುಚ್ಚಿ ಮ್ ಅನ್ನಬೇಕು, ತುಟಿಯ ಹತ್ತಿರ ಜುಮ್ ಅನ್ನಿಸಬೇಕು. ದಿನಕ್ಕೆ ನಾಲ್ಕೈದು ಸಲ, ಐದು ತಿಂಗಳು. ಮಗಳು ತನ್ನ ಲೋಟ, ತನ್ನ ಸ್ಟ್ರಾ ತಂದು ನನ್ನ ಎದುರು ಕೂರುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಗಂಡ ಆ ಐದು ತಿಂಗಳು ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕೂಗಿ ನನ್ನನ್ನು ಕರೆಯಲಿಲ್ಲ. ಪ್ರತಿ ಸಲ ಎದ್ದು ಬಂದು ಹತ್ತಿರ ನಿಂತು ಕೇಳಿದರು. ಕಾಫಿಯನ್ನು ನನ್ನ ಮುಂದೆ ಕುಡಿಯಲಿಲ್ಲ. ಹಿತ್ತಲಿಗೆ ಹೋಗಿ ಕುಡಿದು ಬಾಯಿ ಮುಕ್ಕಳಿಸಿ ಬರುತ್ತಿದ್ದರು. ನನಗೆ ವಾಸನೆ ಬರುತ್ತಿತ್ತು, ಅವರಿಗೆ ಹೇಳಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಕ್ಯಾಮೆರಾ ಇಳಿಸಿ ನೋಡಿದರು. ಒಂದು ಕಡೆಯ ಗಂಟು ಪೂರ್ತಿ ಹೋಗಿದೆ. ಇನ್ನೊಂದು ಕಡೆ ಸ್ವಲ್ಪ ಉಳಿದಿದೆ. ನನ್ನ ಹಳೇ ದನಿ ಬಂದಿಲ್ಲ. ಮೇಲಿನ ಸ್ವರ ಈಗ ಸಿಗುವುದಿಲ್ಲ, ದನಿ ಸ್ವಲ್ಪ ದಪ್ಪಗಾಗಿದೆ. ಶನಿವಾರ ನೀವು ಕೇಳಿದ್ದು ಈ ಹೊಸ ದನಿ. ಗೌರಮ್ಮ ಗಾಂಧೀಜಿಗೆ ಪತ್ರ ಬರೆಯುವ ದೃಶ್ಯದಲ್ಲಿ ಒಂದು ಕಡೆ ಅದು ಒಡೆಯಿತು, ಗಮನಿಸಿರುತ್ತೀರಿ. ನಾನು ನಿಲ್ಲಿಸಿದೆ. ಉಸಿರು ತಗೊಂಡೆ. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ, ಕುರ್ಚಿ ಎಳೆಯಲಿಲ್ಲ. ಎಲ್ಲರೂ ನನ್ನ ಜೊತೆ ಕಾಯುತ್ತಿದ್ದೀರಿ ಅಂತ ಗೊತ್ತಾಯಿತು. ಆಮೇಲೆ ಹೊಳೆಯ ಆರು ನಿಮಿಷ. ಎಂಟನೇ ಕ್ಲಾಸಿನ ನನ್ನ ಮಕ್ಕಳು ಎರಡನೇ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದರು, ಶೀಟಿನ ಕೆಳಗೆ ಮಳೆಯಲ್ಲಿ ಕೂತಿದ್ದ ಹಾಗೆಯೇ. ಅಷ್ಟೊಂದು ಜನ ಸೇರಿ ಮಾಡಿದ ಆ ಮೌನ ನನಗೆ ಈ ವರ್ಷ ಸಿಕ್ಕ ದೊಡ್ಡ ಉಡುಗೊರೆ.

ಭಾನುವಾರ ಬೆಳಿಗ್ಗೆ ಮೂವರೂ ಅಕ್ಕನ ಮೆಸ್ಸಿಗೆ ಹೋದೆವು. ಕಳೆದ ವಾರ ಕಾಫಿ ಅರಳಿಸುವ ಹೂಮಳೆ ಚೆನ್ನಾಗಿ ಬಿದ್ದಿತ್ತು. ದಾರಿಯ ಎರಡೂ ಕಡೆ ಕಾಫಿ ತೋಟ ಬೆಳ್ಳಗೆ ಅರಳಿ ನಿಂತಿತ್ತು, ಮಲ್ಲಿಗೆಯ ಹಾಗೆ ಘಮ. ದಿನಕ್ಕೆ ಒಂದು ಲೋಟ ಕಾಫಿ ಕುಡಿಯಬಹುದು ಅಂತ ಈಗ ನನಗೆ ಅನುಮತಿ ಇದೆ. "ನೂಲ್‌ಪುಟ್ಟು, ಒಂದು ಬೆಲ್ಲದ ಕಾಫಿ" ಅಂತ ಬಾಯಿಬಿಟ್ಟು ಹೇಳಿದೆ. ಹುಡುಗ ತಟ್ಟೆ ಕೆಳಗಿಟ್ಟು ಒಳಗೆ ಓಡಿಹೋಗಿ ಅಕ್ಕನನ್ನು ಕರೆದುಕೊಂಡು ಬಂದ. "ಇನ್ನೊಂದು ಸಲ ಹೇಳಿ ಟೀಚರ್" ಅಂದರು ಅಕ್ಕ. ಹೇಳಿದೆ. ಕಾಫಿಗೆ ದುಡ್ಡು ಬೇಡ ಅಂದರು. ಕೊಟ್ಟೇ ಬಂದೆ. ಈ ಸಲ ನನ್ನ ಮಾತೇ ನಡೆಯಿತು.

ಇನ್ನೊಂದು ವಿಷಯ. ನಾಟಕದ ದಿನ ಹಾಲಿನ ಮೂರನೇ ಸಾಲಿನಲ್ಲಿ, ಬಾಗಿಲ ಕಡೆಯ ಕುರ್ಚಿಯ ಮೇಲೆ, ಒಂದು ಸ್ಟೀಲ್ ಫ್ಲಾಸ್ಕ್ ಉಳಿದಿತ್ತು. ನೀಲಿ ಮುಚ್ಚಳ. ಒಳಗೆ ಇನ್ನೂ ಬಿಸಿಯಾಗಿದ್ದ ನೀರು, ಜೊತೆಗೆ ಕಾಗದದಲ್ಲಿ ಸುತ್ತಿದ ಒಂದು ಹೊಸ ಸ್ಟ್ರಾ. ನನಗೆಂದೇ ತಂದದ್ದು ಇರಬೇಕು, ಕೊಡಲು ಆಗದೆ ಹೋಗಿರಬೇಕು. ಹಾಲ್ ಗುಡಿಸುವ ಅಮ್ಮ ಅದನ್ನು ನನಗೆ ತಲುಪಿಸಿದರು. ಆ ನೀರನ್ನು ರಾತ್ರಿ ಮನೆಗೆ ಹೋಗಿ ಪೂರ್ತಿ ಕುಡಿದೆ. ಫ್ಲಾಸ್ಕ್ ತೊಳೆದು ಒಣಗಿಸಿ ನಮ್ಮ ಮನೆಯ ಶೆಲ್ಫಿನ ಮೇಲೆ ಇಟ್ಟಿದ್ದೇನೆ. ಅದು ಯಾರದ್ದೋ, ದಯವಿಟ್ಟು ಬಂದು ತಗೊಂಡು ಹೋಗಿ. ಶಾಲೆಯ ದಿನ ಐದು ಗಂಟೆಯ ಮೇಲೆ, ಭಾನುವಾರ ಯಾವಾಗ ಬೇಕಾದರೂ ಮನೆಯಲ್ಲಿ ಇರುತ್ತೇನೆ. ನನ್ನ ಆ ದಿನದ ಒಂದು ಲೋಟ ಕಾಫಿಯನ್ನು ನಿಮ್ಮ ಜೊತೆ ಕುಡಿಯುತ್ತೇನೆ.